ನಾವು ಇವರಿಗೆ ಯಾವಾಗ ಕಾರ್ಡ್ ಕೊಟ್ಟಿದ್ವಿ?

ಕಳೆದ ವಾರ ಬ್ಯಾಂಕಿನಿಂದ ಲಕೋಟೆ ಬಂತು. ಒಳಗೆ ಹೊಸ ಕಾರ್ಡು, ಜೊತೆಗೊಂದು ಪತ್ರ. ಅಂಗಡಿಗಳ ಪರವಾಗಿ ಕಾರ್ಡ್ ವ್ಯವಹಾರ ನೋಡಿಕೊಳ್ಳುವ ಯಾವುದೋ ಕಂಪನಿಯಿಂದ ಮಾಹಿತಿ ಕಳವಾಗಿದೆಯಂತೆ, ಹಳೆ ಕಾರ್ಡು ಕತ್ತರಿಸಿ ಬಿಸಾಡಬೇಕಂತೆ. ಆ ಕಂಪನಿಯ ಹೆಸರೂ ಇಲ್ಲ, ಯಾವ ಅಂಗಡಿ ಅಂತಲೂ ಇಲ್ಲ. ಅಡುಗೆಮನೆ ಕತ್ತರಿ ಹಿಡಿದು ಕೂತೆ. ಚಿಪ್ ಇರುವ ಜಾಗ ಮಾತ್ರ ಜಪ್ಪಯ್ಯ ಅಂದರೂ ತುಂಡಾಗಲಿಲ್ಲ. ಪತ್ರ ಓದುತ್ತಿದ್ದ ಒಂಬತ್ತು ವರ್ಷದ ಮಗ ಕೇಳಿದ, "ಅಪ್ಪಾ, ನಾವು ಇವರಿಗೆ ಯಾವಾಗ ಕಾರ್ಡ್ ಕೊಟ್ಟಿದ್ವಿ?"

ಕೊಟ್ಟೇ ಇಲ್ಲ! ನಾವು ಕೊಟ್ಟಿದ್ದು ಅಂಗಡಿಯವನಿಗೆ, ಅವನು ಇವರಿಗೆ ದಾಟಿಸಿದ, ಅಷ್ಟೇ.

ನಾವಿರುವುದು ನ್ಯೂಜೆರ್ಸಿಯ ಪ್ರಿನ್ಸ್‌ಟನ್ ಹತ್ತಿರ. ಇಂಥದ್ದೇ ಒಂದು ದೊಡ್ಡ ಕಳವಿನ ಕಥೆ ಈ ಊರಿನದ್ದೇ. ಅಂಗಡಿಗಳ ಪರವಾಗಿ ಇದೇ ಕೆಲಸ ಮಾಡುತ್ತಿದ್ದ ಇಲ್ಲಿನ ಹಾರ್ಟ್‌ಲ್ಯಾಂಡ್ ಪೇಮೆಂಟ್ ಸಿಸ್ಟಮ್ಸ್ ಎಂಬ ಕಂಪನಿ ತನ್ನಲ್ಲಿ ಕಳವಾದ ಸುದ್ದಿ ಹೊರಗೆ ಬಿಟ್ಟಿದ್ದು 2009ರ ಜನವರಿ 20ರಂದು. ಅವತ್ತು ಒಬಾಮಾ ಪ್ರಮಾಣವಚನ, ಊರೆಲ್ಲ ಟಿವಿ ಮುಂದೆ. ಸುಮಾರು 13 ಕೋಟಿ ಕಾರ್ಡುಗಳ ವಿವರ ಹೋಗಿತ್ತು. ಕದ್ದ ಆಲ್ಬರ್ಟ್ ಗೊನ್ಸಾಲೆಸ್‌ಗೆ 20 ವರ್ಷ ಜೈಲಾಯಿತು. ವೀಸಾ ಕಾರ್ಡ್ ಕೊಟ್ಟಿದ್ದ ಬ್ಯಾಂಕುಗಳಿಗೆ 6 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿತು. ಇನ್ನು ಕಾರ್ಡ್ ಜೇಬಲ್ಲಿಟ್ಟುಕೊಂಡು ಓಡಾಡುವ ನಮ್ಮಂಥವರು? ಪರಿಹಾರ ಕೇಳಿ ಬಂದ ಅರ್ಜಿ 290. ಅದರಲ್ಲಿ ಸರಿ ಅನಿಸಿಕೊಂಡಿದ್ದು 11.

ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಮೊದಲ ಪ್ರಶ್ನೆಯೇ "ಓಟಿಪಿ ಬರಲಿಲ್ವೇನೋ?" ಇಲ್ಲಿ ಬಹಳ ಕಡೆ ಓಟಿಪಿ ಕೇಳುವುದೇ ಇಲ್ಲ ಅಂದರೆ ನಂಬಲೊಲ್ಲರು. "ಅಮೆರಿಕ ಅಂತೆ. ನಮ್ಮ ತುಮಕೂರೇ ವಾಸಿ ಬಿಡು." ನಿಜ ಹೇಳಬೇಕಂದ್ರೆ ಖುಷಿಯಾಯಿತು. ಮೂರನೆಯವರ ಕಡೆಯಿಂದ ಸೋರಿ ದುಡ್ಡು ಹೋದರೆ, ಮೂರು ಕೆಲಸದ ದಿನದೊಳಗೆ ತಿಳಿಸಿದ ಗ್ರಾಹಕನ ಮೇಲೆ ಹೊರೆ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿತ್ತು. ಅಂಗಡಿಯವರು ಕಾರ್ಡ್ ನಂಬರ್ ಇಟ್ಟುಕೊಳ್ಳುವುದನ್ನೂ 2022ರ ಅಕ್ಟೋಬರ್‌ನಿಂದ ನಿಲ್ಲಿಸಿತು. ಆದರೆ ಪೂರ್ತಿ ಬೀಗುವ ಹಾಗೂ ಇಲ್ಲ ಅಲ್ವಾ? 2016ರ ಅಕ್ಟೋಬರ್‌ನಲ್ಲಿ ಸುಮಾರು 32 ಲಕ್ಷ ಡೆಬಿಟ್ ಕಾರ್ಡುಗಳ ಮಾಹಿತಿ ಸೋರಿರಬಹುದು ಅನ್ನೋ ಸುದ್ದಿ ಹೊರಬಿತ್ತಲ್ಲ, ಎಟಿಎಂ ವ್ಯವಹಾರ ನೋಡಿಕೊಳ್ಳುತ್ತಿದ್ದ ಕಂಪನಿ ತನ್ನಲ್ಲೇ ಮಾಲ್‌ವೇರ್ ಹೊಕ್ಕಿತ್ತು ಅಂತ ಒಪ್ಪಿದ್ದು ಮರುವರ್ಷದ ಫೆಬ್ರುವರಿಯಲ್ಲಿ.

ತುಮಕೂರು ಅಂದ ಕೂಡಲೇ ನಮ್ಮ ಟೈಲರ್ ನೆನಪಾದರು. ಕಾಜಾ-ಗುಂಡಿ ಕೆಲಸ ಅವರು ಮಾಡುತ್ತಿರಲಿಲ್ಲ. ಶರ್ಟುಗಳನ್ನು ಗಂಟು ಕಟ್ಟಿ ಹುಡುಗನ ಕೈಲಿ ಸೈಕಲ್ಲಿನಲ್ಲಿ ಬೇರೆ ಕಡೆ ಕಳಿಸುತ್ತಿದ್ದರು. ಒಮ್ಮೆ ಅಪ್ಪನ ಬಿಳಿ ಶರ್ಟು ಮೂರನೇ ಗುಂಡಿಯ ಹತ್ತಿರ ಮಿಷನ್ ಎಣ್ಣೆಯ ಕಲೆ ಹೊತ್ತು ಬಂತು. ಟೈಲರ್ ಅದನ್ನು ಬೆಳಕಿಗೆ ಹಿಡಿದು ನೋಡಿದರು. ಮಡಚಿ ಮಿಷನ್ ಕೆಳಗೆ ತುರುಕಿದರು. "ಬಟ್ಟೆ ನಾನೇ ತರ್ತೀನಿ ಸಾರ್. ಶನಿವಾರ ಬನ್ನಿ."

ಮಗನಿಗೆ ಇದನ್ನು ಹೇಳಿದೆ.

"ಆಮೇಲೆ ಆ ಕಾಜಾದವನಿಗೆ ಬೈದ್ರಾ?"

"ಬೈದಿರಬೇಕು ಪುಟ್ಟ. ನಮಗೆ ಗೊತ್ತಾಗಲೇ ಇಲ್ಲ."