ಯಾರು ನೋಡುತ್ತಾರೆ, ಎಷ್ಟು ಹೊತ್ತು

ಅಮ್ಮ ಸೂಜಿಗೆ ದಾರ ಪೋಣಿಸುತ್ತಿದ್ದಾಗ ತೆಗೆದ ಚಿತ್ರವೊಂದು ನಾಲ್ಕು ವರ್ಷಗಳಿಂದ ನನ್ನ ಮೊಬೈಲಿನಲ್ಲೇ ಉಳಿದಿತ್ತು. ಅದರಲ್ಲಿ ಅಮ್ಮನ ಮುಖವಿಲ್ಲ, ಕೈಗಳು ಮಾತ್ರ ಇವೆ. ಕಿಟಕಿಯ ಬೆಳಕು ಎಡಗಡೆಯಿಂದ ಬಿದ್ದಿರುವುದರಿಂದ ಹೆಬ್ಬೆರಳಿನ ಉಗುರಿನ ಉದ್ದಕ್ಕೂ ಇದ್ದ ಹಳೆಯ ಸೀಳು ಸ್ಪಷ್ಟವಾಗಿ ಕಾಣುತ್ತದೆ. ತುಟಿಗಿಟ್ಟು ಒದ್ದೆ ಮಾಡಿ ಚೂಪಾಗಿಸಿದ ದಾರದ ತುದಿ ಸೂಜಿಯ ಕಣ್ಣಿಗೆ ಇನ್ನೇನು ತಾಗುವುದರಲ್ಲಿದೆ. ಅಮ್ಮ ತೀರಿಕೊಂಡ ಮೇಲೆ ಅವಳನ್ನು ಬಲ್ಲವರೆಲ್ಲ ಆ ಚಿತ್ರವನ್ನು ನೋಡಲಿ ಎಂಬ ಆಸೆ ನನಗಿತ್ತಾದರೂ, ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳುಹಿಸಿ ಅವರಿಂದ ಸಾಂತ್ವನದ ಮಾತನ್ನು ನಿರೀಕ್ಷಿಸುವಂತೆ ಕಾಣುವುದು ಇಷ್ಟವಿರಲಿಲ್ಲ. ಒಂದು ಭಾನುವಾರ ಮನೆಗೆ ಬಂದಿದ್ದ ತಂಗಿಯ ಮಗಳು ಅದನ್ನು ನೋಡಿ, "ದೊಡ್ಡಮ್ಮ, ಇದನ್ನು ಇನ್‌ಸ್ಟಾಗ್ರಾಂಗೆ ಹಾಕು. ನೋಡಬೇಕೆನಿಸಿದವರು ಅವರಾಗಿಯೇ ಬಂದು ನೋಡುತ್ತಾರೆ" ಎಂದಳು. ಆ ಮಾತು ನನಗೆ ಸರಿಯೆನಿಸಿತು.

ಗ್ರಂಥಾಲಯದಲ್ಲಿ ಬಹುಕಾಲ ಕೆಲಸ ಮಾಡಿದವಳಾದ್ದರಿಂದ ಹೊಸ ವಿಷಯ ಯಾವುದೇ ಇರಲಿ, ಅದರ ಪದಗಳನ್ನು ಮೊದಲು ಬರೆದಿಟ್ಟುಕೊಳ್ಳುವುದು ನನ್ನ ರೂಢಿ. ನೋಟ್‌ಪುಸ್ತಕ ತೆಗೆದುಕೊಂಡು ಅವಳ ಪಕ್ಕದಲ್ಲಿ ಕುಳಿತೆ. ಅವಳು ಹೇಳುವ ವೇಗಕ್ಕೆ ಪದಗಳು ಒಂದರ ಮೇಲೊಂದು ಬಂದವು: ಪೋಸ್ಟ್, ಸ್ಟೋರಿ, ರೀಲ್, ಫೀಡ್, ಟ್ಯಾಗ್, ಮೆನ್ಷನ್, ಹೈಲೈಟ್, ಡಿಎಂ. ಪ್ರತಿಯೊಂದಕ್ಕೂ ಅವಳು ಕೊಡುತ್ತಿದ್ದ ವಿವರಣೆ ಅದನ್ನು ಮಾಡುವುದು ಹೇಗೆ, ಯಾವ ಗುಂಡಿ ಒತ್ತಬೇಕು ಎಂಬುದಾಗಿತ್ತು. ನನಗೆ ಬೇಕಾಗಿದ್ದುದು ಬೇರೆ. ಹಾಗೆ ಮಾಡಿದರೆ ಅದನ್ನು ಯಾರು ನೋಡುತ್ತಾರೆ, ಎಷ್ಟು ಹೊತ್ತು ನೋಡುತ್ತಾರೆ ಎಂದು ನಾನು ಮತ್ತೆ ಮತ್ತೆ ಕೇಳತೊಡಗಿದಾಗ, ಎಷ್ಟೋ ವರ್ಷಗಳಿಂದ ಇದನ್ನು ಬಳಸುತ್ತಿರುವ ಅವಳೂ ಕೆಲವು ಕಡೆ ತಡೆದು ಯೋಚಿಸಬೇಕಾಯಿತು.

ಖಾತೆ ತೆರೆಯುವುದು ಬೇಗ ಮುಗಿಯಿತು. ಬಳಕೆದಾರ ಹೆಸರು ಇಂಗ್ಲಿಷ್ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆಗಳಲ್ಲೇ ಇರಬೇಕು. ಆದರೆ ಅದರ ಜೊತೆಗೆ ಕಾಣುವ ನಮ್ಮ ಹೆಸರನ್ನು ಕನ್ನಡದಲ್ಲಿ ಬರೆಯಬಹುದು, ಹಾಗೆಯೇ ಬರೆದೆ. ನಮ್ಮ ಪರಿಚಯಕ್ಕಿರುವ ಜಾಗಕ್ಕೆ ಬಯೋ ಎನ್ನುತ್ತಾರೆ, ಅದರಲ್ಲಿ 150 ಅಕ್ಷರಗಳಿಗೆ ಅವಕಾಶವಿದೆ. ಖಾತೆ ಸಾರ್ವಜನಿಕವಾಗಿರಬೇಕೋ ಖಾಸಗಿಯಾಗಿರಬೇಕೋ ಎಂಬ ಪ್ರಶ್ನೆಯನ್ನು ಆಮೇಲೆ ನೋಡಿಕೊಳ್ಳೋಣ ಎಂದು ಇಬ್ಬರೂ ಬಿಟ್ಟೆವು. ಅದನ್ನು ಮೊದಲು ತೀರ್ಮಾನಿಸಬೇಕಾಗಿತ್ತು. ಸಾರ್ವಜನಿಕ ಖಾತೆಯನ್ನು ಯಾರು ಬೇಕಾದರೂ ಕೇಳದೆಯೇ ಫಾಲೋ ಮಾಡಬಹುದು, ಅಂದರೆ ನಾವು ಹಾಕುವುದನ್ನು ನೋಡುತ್ತಿರಲು ಸೇರಿಕೊಳ್ಳಬಹುದು. ಖಾಸಗಿಯಾಗಿದ್ದರೆ ಪ್ರತಿಯೊಬ್ಬರ ಕೋರಿಕೆಯೂ ನಮ್ಮ ಮುಂದೆ ಬಂದು ನಿಂತು ಒಪ್ಪಿಗೆಗೆ ಕಾಯುತ್ತದೆ. ಊಟದ ಹೊತ್ತಿಗೆ ಹದಿನೇಳು ಜನ ನನ್ನನ್ನು ಫಾಲೋ ಮಾಡುತ್ತಿದ್ದರು. ಅವರಲ್ಲಿ ಹೆಚ್ಚಿನವರು ಅವಳ ಗೆಳೆಯರು, ಅವರ ಗೆಳೆಯರು.

ಮಧ್ಯಾಹ್ನ ಅವಳು ಸ್ಟೋರಿಯ ಬಗ್ಗೆ ಹೇಳಿಕೊಟ್ಟಳು. ಪೋಸ್ಟ್ ನಾವೇ ತೆಗೆಯುವವರೆಗೆ ನಮ್ಮ ಪುಟದಲ್ಲಿ ಉಳಿಯುತ್ತದೆ. 2016ರ ಆಗಸ್ಟ್‌ನಲ್ಲಿ ಬಂದ ಸ್ಟೋರಿಯಾದರೋ 24 ಗಂಟೆ ಕಳೆದ ಮೇಲೆ ತಾನಾಗಿಯೇ ಮರೆಯಾಗುತ್ತದೆ. ಅದನ್ನು ಯಾರು ಯಾರು ನೋಡಿದರು ಎಂಬ ಪಟ್ಟಿ ಹಾಕಿದವರಿಗೆ ಸಿಗುತ್ತದೆ. ಸ್ಟೋರಿಯನ್ನು ಎಲ್ಲ ಫಾಲೋವರ್‌ಗಳಿಗೆ ಬದಲಾಗಿ ನಾವು ಆರಿಸಿದ ಕೆಲವರಿಗಷ್ಟೇ ತೋರಿಸುವ ದಾರಿಯೂ ಇದೆ, ಅದರ ಹೆಸರು ಕ್ಲೋಸ್ ಫ್ರೆಂಡ್ಸ್. ಆ ಪಟ್ಟಿಯಲ್ಲಿ ಯಾರಿದ್ದಾರೆ ಎಂಬುದು ನಮ್ಮೊಬ್ಬರಿಗೇ ಗೊತ್ತಿರುತ್ತದೆ. ಅದರಲ್ಲಿರುವವರಿಗೆ ನಮ್ಮ ಚಿತ್ರದ ಸುತ್ತ ಹಸಿರು ಉಂಗುರ ಕಾಣುತ್ತದೆ. ಇಷ್ಟನ್ನು ಬರೆದುಕೊಂಡೆ. ತಮ್ಮನನ್ನೂ ಇಬ್ಬರು ತಂಗಿಯರನ್ನೂ ಆ ಪಟ್ಟಿಗೆ ಸೇರಿಸಿದೆ. ಅವಳು ಯಾರದೋ ಕರೆ ಬಂದು ಹೊರಗೆ ಹೋದಾಗ, ಕಲಿತದ್ದನ್ನು ಒಬ್ಬಳೇ ಮಾಡಿ ನೋಡೋಣವೆಂದು ಇನ್ನೊಂದು ಚಿತ್ರವನ್ನು ಆರಿಸಿದೆ. ಅದು ಅಮ್ಮನ ಕೊನೆಯ ವಾರದ್ದು. ಮಂಚದ ಮೇಲೆ ಮಲಗಿದ್ದಳು, ಕೂದಲು ಕೆದರಿತ್ತು, ಆದರೂ ನಮ್ಮತ್ತ ನೋಡಿ ನಕ್ಕಿದ್ದಳು. ಒಡಹುಟ್ಟಿದವರು ಮೂವರೂ ಅದನ್ನು ನೋಡಿರಲಿಲ್ಲ.

ತೆರೆಯ ಕೆಳಭಾಗದಲ್ಲಿ ಎರಡು ಗುಂಡಿಗಳಿದ್ದವು, ಒಂದು ನಮ್ಮ ಸ್ಟೋರಿಗೆ, ಇನ್ನೊಂದು ಕ್ಲೋಸ್ ಫ್ರೆಂಡ್ಸ್‌ಗೆ. ನಾನು ಮೊದಲನೆಯದನ್ನು ಒತ್ತಿದೆ.

ತಪ್ಪು ಗೊತ್ತಾದದ್ದು ಸುಮಾರು ಇಪ್ಪತ್ತು ನಿಮಿಷಗಳ ಮೇಲೆ, ನೋಡಿದವರ ಪಟ್ಟಿಯನ್ನು ತೆರೆದಾಗ. ತಮ್ಮನ ಹೆಸರಿತ್ತು, ಅದರ ಮೇಲೂ ಕೆಳಗೂ ನಾನು ಎಂದೂ ಕಾಣದ ಆರು ಜನರ ಹೆಸರುಗಳಿದ್ದವು. ಅವರಲ್ಲಿ ಒಬ್ಬರು ಹೃದಯದ ಚಿಹ್ನೆಯನ್ನೂ ಕಳುಹಿಸಿದ್ದರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಅದನ್ನು ನಾನು ಆಗಲೂ ಬಲ್ಲೆ. ಆದರೆ ಕೆದರಿದ ಕೂದಲಲ್ಲಿ ಯಾರೆದುರಿಗೂ ಬರಲು ಎಂದೂ ಒಪ್ಪದಿದ್ದ ಹೆಂಗಸನ್ನು, ಅವಳನ್ನು ಕೇಳುವ ಅವಕಾಶವೇ ಇಲ್ಲದ ಸ್ಥಿತಿಯಲ್ಲಿ, ನಾನು ಅಪರಿಚಿತರ ಮುಂದೆ ತಂದು ನಿಲ್ಲಿಸಿದ್ದೆ. ಕೈ ನಡುಗುತ್ತಿದ್ದುದರಿಂದ ಅಳಿಸುವ ಆಯ್ಕೆ ಎಲ್ಲಿದೆ ಎಂದು ಹುಡುಕಲೂ ಕಷ್ಟವಾಯಿತು. ಒಳಗೆ ಬಂದ ಹುಡುಗಿ ನನ್ನ ಮುಖ ನೋಡಿ ಏನೂ ಕೇಳದೆ ಮೊಬೈಲ್ ತೆಗೆದುಕೊಂಡು ಸ್ಟೋರಿಯನ್ನು ಅಳಿಸಿದಳು. ಅಳಿಸಿದ ಮೇಲೆ ಹೊಸದಾಗಿ ಯಾರೂ ನೋಡಲಾರರು. ಆದರೆ ಅಷ್ಟರೊಳಗೆ ಯಾರಾದರೂ ಸ್ಕ್ರೀನ್‌ಶಾಟ್ ತೆಗೆದುಕೊಂಡಿದ್ದರೆ ಅದು ಅವರ ಬಳಿಯೇ ಉಳಿಯುತ್ತದೆ. ಸ್ಟೋರಿಯ ಸ್ಕ್ರೀನ್‌ಶಾಟ್ ತೆಗೆದರೆ ಹಾಕಿದವರಿಗೆ ಅದರ ಸೂಚನೆ ಬರುವುದೂ ಇಲ್ಲ. ಇದನ್ನು ಅವಳು ಮುಚ್ಚಿಡದೆ ಹೇಳಿದ್ದಕ್ಕೆ ನಾನು ಇಂದಿಗೂ ಅವಳಿಗೆ ಕೃತಜ್ಞಳು. "24 ಗಂಟೆ" ಎಂದು ಬರೆದುಕೊಂಡಿದ್ದ ಸಾಲಿನ ಪಕ್ಕದಲ್ಲಿ, ಅದು ಪ್ರದರ್ಶನದ ಅವಧಿಯೇ ಹೊರತು ಚಿತ್ರದ ಆಯುಷ್ಯವಲ್ಲ ಎಂದು ಸೇರಿಸಿದೆ. ನಮ್ಮ ಕಡೆಯಿಂದಲೂ ಅದು ನಿಜವೇ: ಮರೆಯಾದ ಸ್ಟೋರಿ ನಮಗೊಬ್ಬರಿಗೇ ಕಾಣುವ ಆರ್ಕೈವ್‌ನಲ್ಲಿ ಉಳಿಯುತ್ತದೆ, ಬೇಕೆಂದರೆ ಅಲ್ಲಿಂದ ಎತ್ತಿ ಹೈಲೈಟ್ ಎಂಬ ಹೆಸರಿನಲ್ಲಿ ನಮ್ಮ ಪುಟದ ಮೇಲ್ಭಾಗದಲ್ಲಿ ಶಾಶ್ವತವಾಗಿ ಇರಿಸಬಹುದು.

ಅಂದು ಸಂಜೆಯೇ ಖಾತೆಯನ್ನು ಖಾಸಗಿ ಮಾಡಿದೆವು. ಖಾತೆ ಖಾಸಗಿಯಾದ ಮಾತ್ರಕ್ಕೆ ಆಗಲೇ ಸೇರಿಕೊಂಡವರು ಹೊರಗೆ ಹೋಗುವುದಿಲ್ಲ, ಅವರನ್ನು ಒಬ್ಬೊಬ್ಬರನ್ನಾಗಿ ನಾವೇ ತೆಗೆಯಬೇಕು. ಹಾಗೆ ತೆಗೆದರೆ ಅವರಿಗೆ ಸೂಚನೆ ಹೋಗುವುದಿಲ್ಲವೆಂದು ಅವಳು ಹೇಳಿದ್ದರಿಂದ ಆ ಕೆಲಸ ಸುಲಭವಾಯಿತು.

ಕೈಗಳ ಚಿತ್ರವನ್ನು ಹಾಕಿದ್ದು ಮರುದಿನ ಬೆಳಿಗ್ಗೆ, ಬಹಳ ನಿಧಾನವಾಗಿ. ಮೊದಲು ಚೌಕಟ್ಟಿನ ಪ್ರಶ್ನೆ ಬಂತು. ಇನ್‌ಸ್ಟಾಗ್ರಾಂ 2010ರ ಅಕ್ಟೋಬರ್ 6ರಂದು ಐಫೋನ್‌ಗೆ ಮಾತ್ರವೆಂದು ಬಂದಾಗ, ತೆಗೆದ ತಕ್ಷಣ ಚಿತ್ರವನ್ನು ಕೈಗೆ ಕೊಡುತ್ತಿದ್ದ ಹಳೆಯ ಕ್ಯಾಮೆರಾಗಳ ನೆನಪಿನಲ್ಲಿ ಚಿತ್ರಗಳೆಲ್ಲ ಚೌಕವಾಗಿಯೇ ಇರಬೇಕಾಗಿತ್ತು. ಇನ್‌ಸ್ಟಂಟ್ ಕ್ಯಾಮೆರಾ, ಟೆಲಿಗ್ರಾಂ ಎಂಬ ಎರಡು ಪದಗಳನ್ನು ಕೂಡಿಸಿಯೇ ಅದನ್ನು ಕಟ್ಟಿದ ಕೆವಿನ್ ಸಿಸ್ಟ್ರಂ ಮತ್ತು ಮೈಕ್ ಕ್ರೀಗರ್ ಅದಕ್ಕೆ ಹೆಸರಿಟ್ಟರು. 2015ರ ಆಗಸ್ಟ್‌ನಿಂದ ಉದ್ದನೆಯ, ಅಗಲದ ಚಿತ್ರಗಳಿಗೂ ಅವಕಾಶವಾಯಿತು. ಚೌಕಕ್ಕೆ ಕತ್ತರಿಸಿದರೆ ನನ್ನ ಚಿತ್ರದಲ್ಲಿ ದಾರದ ಉಂಡೆ ಹೊರಗೆ ಹೋಗುತ್ತಿತ್ತು. ಎತ್ತರದ ಅಳತೆಯನ್ನು ಆರಿಸಿ ಅದನ್ನು ಉಳಿಸಿಕೊಂಡೆ.

ಫಿಲ್ಟರ್‌ಗಳನ್ನು ಒಂದೊಂದಾಗಿ ಹಾಕಿ ನೋಡಿದೆ. ಕ್ಲಾರೆಂಡನ್ ಎಂಬುದನ್ನು ಹಾಕಿದಾಗ ಬೆಳಕು ಇನ್ನಷ್ಟು ಹೊಳೆದು ಉಗುರಿನ ಸೀಳು ಆ ಹೊಳಪಿನಲ್ಲಿ ಕರಗಿಹೋಯಿತು. ಮೂನ್ ಎಂಬುದು ಎಲ್ಲವನ್ನೂ ಕಪ್ಪು ಬಿಳುಪಾಗಿಸಿತು. ಚಿತ್ರಕ್ಕೆ ಗಾಂಭೀರ್ಯ ಬಂತು ಎಂದು ಹುಡುಗಿ ಹೇಳಿದಳು, ಅದು ನಿಜವೂ ಆಗಿತ್ತು, ಆದರೆ ಅಮ್ಮ ಆರಿಸಿಕೊಂಡಿದ್ದ ದಾರದ ಕೆಂಪು ಬಣ್ಣ ಹೋಗಿಬಿಟ್ಟಿತ್ತು. ಚಿತ್ರ ಹಾಕಿದ ಮೇಲೆ ಅಡಿಬರಹವನ್ನು ಎಷ್ಟು ಸಲ ಬೇಕಾದರೂ ತಿದ್ದಬಹುದು, ಫಿಲ್ಟರನ್ನು ಬದಲಿಸಲಾಗುವುದಿಲ್ಲ. ಆದ್ದರಿಂದ ಬಹಳ ಹೊತ್ತು ಯೋಚಿಸಿ, ಯಾವುದನ್ನೂ ಹಾಕದೆ ಇದ್ದಂತೆಯೇ ಬಿಟ್ಟೆ. ಫಿಲ್ಟರ್ ಬಳಸುವುದು ತಪ್ಪೆಂದು ನಾನು ಹೇಳುತ್ತಿಲ್ಲ. ಇನ್‌ಸ್ಟಾಗ್ರಾಂ ಶುರುವಾದ ಕಾಲದ ಮೊಬೈಲ್ ಕ್ಯಾಮೆರಾಗಳ ಮಂಕು ಚಿತ್ರಗಳನ್ನು ಜನ ಧೈರ್ಯವಾಗಿ ಹಂಚಿಕೊಳ್ಳುವಂತೆ ಮಾಡಿದ್ದೇ ಅವು. ಈ ಚಿತ್ರಕ್ಕೆ ಬೇಡವಾಗಿತ್ತು, ಅಷ್ಟೇ.

ಟ್ಯಾಗ್ ಮತ್ತು ಮೆನ್ಷನ್ ಒಂದೇ ಎಂದು ನಾನು ಅಲ್ಲಿಯವರೆಗೆ ತಿಳಿದಿದ್ದೆ. ಅಡಿಬರಹದಲ್ಲಿ ಒಬ್ಬರ ಬಳಕೆದಾರ ಹೆಸರನ್ನು ಬರೆದರೆ ಅವರಿಗೆ ಸೂಚನೆ ಹೋಗುತ್ತದೆ, ಅದು ಮೆನ್ಷನ್. ಚಿತ್ರದ ಮೇಲೆಯೇ ಅವರ ಹೆಸರನ್ನು ಅಂಟಿಸುವುದು ಟ್ಯಾಗ್. ಆಗ ನಮ್ಮ ಚಿತ್ರ ಅವರ ಪುಟದಲ್ಲಿಯೂ, ಅವರನ್ನು ಟ್ಯಾಗ್ ಮಾಡಿದ ಚಿತ್ರಗಳ ಸಾಲಿನಲ್ಲಿ ಸೇರಿಕೊಳ್ಳಬಹುದು. ತಮ್ಮನ ಪುಟದಲ್ಲಿ ಅವನ ಕಚೇರಿಯವರೂ ಇದ್ದಾರೆಂದು ತಿಳಿದಿದ್ದರಿಂದ ಅವನನ್ನು ಮೆನ್ಷನ್ ಮಾತ್ರ ಮಾಡಿದೆ. ಹುಡುಕುವವರಿಗೆ ಸಿಗಲೆಂದು # ಗುರುತಿನೊಂದಿಗೆ ಬರೆಯುವ ಪದ, ಅಂದರೆ ಹ್ಯಾಶ್‌ಟ್ಯಾಗ್, ಹಾಕಲಿಲ್ಲ. ಖಾಸಗಿ ಖಾತೆಯ ಚಿತ್ರಕ್ಕೆ ಎಷ್ಟು ಹ್ಯಾಶ್‌ಟ್ಯಾಗ್ ಹಾಕಿದರೂ ಫಾಲೋವರ್‌ಗಳಲ್ಲದವರಿಗೆ ಅದು ಹುಡುಕಾಟದಲ್ಲಿ ಸಿಗುವುದಿಲ್ಲ.

ಎಲ್ಲ ಮುಗಿಯಿತೆಂದುಕೊಂಡು ಹಂಚಿಕೊಂಡ ಅರ್ಧ ಗಂಟೆಗೆ ಹಳೆಯ ಸಹಪಾಠಿಯೊಬ್ಬಳಿಂದ ಡಿಎಂ, ಅಂದರೆ ನನಗೊಬ್ಬಳಿಗೇ ಕಾಣುವ ನೇರ ಸಂದೇಶ, ಬಂತು. ಬಾಲ್ಯದಲ್ಲಿ ನಮ್ಮ ಮನೆಯಲ್ಲೇ ಹೆಚ್ಚು ಕಾಲ ಕಳೆದವಳು. ಗ್ಲಾಕೋಮಾದಿಂದ ದೃಷ್ಟಿ ಕಳೆದುಕೊಂಡು ಆರು ವರ್ಷಗಳಾಗಿವೆ. ತೆರೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಸ್ಕ್ರೀನ್ ರೀಡರ್ ಮೂಲಕ ಅವಳು ಮೊಬೈಲ್ ಬಳಸುತ್ತಾಳೆ. ಧ್ವನಿ ಸಂದೇಶದಲ್ಲಿ ಹೀಗೆಂದಳು: "ಅಮ್ಮನ ಬಗ್ಗೆ ಬರೆದಿದ್ದೀಯ ಅಂತ ಗೊತ್ತಾಯಿತು. ಚಿತ್ರದ ಹತ್ತಿರ ಬಂದರೆ ಒಬ್ಬ ವ್ಯಕ್ತಿಯ ಚಿತ್ರವಿರಬಹುದು ಅಂತಷ್ಟೇ ಹೇಳುತ್ತಿದೆ ಕಣೇ. ಅದರಲ್ಲಿ ಏನಿದೆ?"

ಯಾರು ನೋಡಬಾರದು ಎಂದು ಎರಡು ದಿನ ಯೋಚಿಸಿದ್ದ ನಾನು, ನೋಡಲಾಗದವರೊಬ್ಬರು ನನ್ನ ಪಟ್ಟಿಯಲ್ಲೇ ಇದ್ದಾರೆಂಬುದನ್ನು ಮರೆತಿದ್ದೆ. ಹುಡುಗಿಗೆ ಫೋನ್ ಮಾಡಿದೆ. ಆಲ್ಟ್ ಟೆಕ್ಸ್ಟ್ ಎಂಬ ಹೆಸರನ್ನು ಕೇಳಿದ್ದಳೇ ಹೊರತು ಅವಳೂ ಅದನ್ನು ಬಳಸಿರಲಿಲ್ಲ. ಇಬ್ಬರೂ ಕೂಡಿ ಹುಡುಕಿದೆವು. 2018ರ ನವೆಂಬರ್‌ನಲ್ಲಿ ಬಂದ ಸೌಲಭ್ಯವದು. ಚಿತ್ರದಲ್ಲಿ ಏನಿದೆ ಎಂಬುದನ್ನು ತಂತ್ರಾಂಶ ತಾನೇ ಗುರುತಿಸಿ ಊಹೆಯ ಒಂದು ಸಾಲನ್ನು ಕೊಡುತ್ತದೆ; ಅದರ ಬದಲಿಗೆ ನಮ್ಮದೇ ವಿವರಣೆಯನ್ನು ಬರೆಯಬಹುದು. ಅದು ಅಡಿಬರಹದಂತೆ ಪುಟದಲ್ಲಿ ಕಾಣಿಸುವುದಿಲ್ಲ, ಸ್ಕ್ರೀನ್ ರೀಡರ್ ಬಳಸುವವರಿಗೆ ಕೇಳಿಸುತ್ತದೆ. ಅದೃಷ್ಟವಶಾತ್, ಚಿತ್ರ ಹಾಕಿದ ಮೇಲೂ ತಿದ್ದುವ ಆಯ್ಕೆಗೆ ಹೋಗಿ ಇದನ್ನು ಸೇರಿಸಬಹುದು.

ಬರೆಯಲು ಕುಳಿತಾಗ ಅದು ಕಷ್ಟದ ಕೆಲಸವೆಂದು ತಿಳಿಯಿತು. ಅಡಿಬರಹದಲ್ಲಿ ನನ್ನ ಭಾವನೆಯನ್ನು ಬರೆದಿದ್ದೆ. ಇಲ್ಲಿ ಬೇಕಾಗಿದ್ದುದು ಕಣ್ಣಿಗೆ ಕಾಣುವುದು ಮಾತ್ರ. "ಅಮ್ಮನ ಪ್ರೀತಿಯ ಕೈಗಳು" ಎಂದು ಬರೆದು ಅಳಿಸಿದೆ, ಪ್ರೀತಿ ಕಾಣುವ ವಸ್ತುವಲ್ಲ. ಕೊನೆಗೆ ಹೀಗೆ ಬರೆದೆ: ವಯಸ್ಸಾದ ಹೆಂಗಸಿನ ಎರಡು ಕೈಗಳು, ಬಲಗೈಯ ಕೆಂಪು ದಾರ ಎಡಗೈಯ ಸೂಜಿಯ ಕಣ್ಣಿನ ಹತ್ತಿರ ಬಂದಿದೆ, ಇನ್ನೂ ಒಳಗೆ ಹೋಗಿಲ್ಲ.

ಮತ್ತೊಮ್ಮೆ ಕೇಳಿ ನೋಡು ಎಂದು ಗೆಳತಿಗೆ ತಿಳಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಬಂದ ಧ್ವನಿ ಸಂದೇಶದ ಮೊದಲ ಕೆಲವು ಕ್ಷಣ ಅವಳ ಉಸಿರು ಮಾತ್ರ ಕೇಳಿಸಿತು. ಆಮೇಲೆ, "ಹೆಬ್ಬೆರಳಿನ ಉಗುರಲ್ಲಿ ಒಂದು ಸೀಳು ಇತ್ತಲ್ಲ, ಅದು ಕಾಣಿಸುತ್ತದೆಯಾ?" ಎಂದು ಕೇಳಿದಳು.

ಕಾಣಿಸುತ್ತದೆ ಎಂದು ಉತ್ತರಿಸಿ, ಚಿತ್ರವನ್ನು ಮತ್ತೆ ತಿದ್ದಲು ತೆರೆದೆ.