ಒಂಬತ್ತು ಇಂಚಿನ ಗೋಡೆ, ಹತ್ತು ಮಿಲಿಮೀಟರಿನಲ್ಲಿ

ಭಾನುವಾರ ಬೆಳಗ್ಗೆ 9ಕ್ಕೆ ಮೇಜಿನ ಮೇಲಿದ್ದದ್ದು 18 ಸೆಂ.ಮೀ. ಅಗಲ, 12 ಸೆಂ.ಮೀ. ಎತ್ತರ, 10 ಮಿ.ಮೀ. ದಪ್ಪದ ಒಂದು ಎಕ್ಸ್‌ಪಿಎಸ್ (ಮಣಿಗಳಿಲ್ಲದ ದಟ್ಟ ಪಾಲಿಸ್ಟೈರೀನ್) ಫೋಮ್ ತುಂಡು. ಸಂಜೆಯೊಳಗೆ ಅದು ಹಳೇ ಬೆಂಗಳೂರಿನ ಮನೆಯೊಂದರ ಹಿತ್ತಲ ಗೋಡೆಯ ಪುಟ್ಟ ಮಾದರಿ ಆಗಬೇಕು. ಅರ್ಧಕ್ಕರ್ಧ ಗಿಲಾವು ಉದುರಿ ಒಳಗಿನ ಇಟ್ಟಿಗೆ ಇಣುಕುವಂಥದ್ದು. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ಹಿಂದಿನ ಗಲ್ಲಿಗಳಲ್ಲಿ ಇಂಥ ಗೋಡೆ ಇನ್ನೂ ಅಲ್ಲಲ್ಲಿ ಉಳಿದಿವೆ.

ಸ್ಕೇಲು 1:24. ಅದಕ್ಕೊಂದು ಲೆಕ್ಕ ಇದೆ. ಆ ಕಾಲದ ಇಟ್ಟಿಗೆ ಸುಮಾರು 9 ಇಂಚು ಉದ್ದ, ನಾಲ್ಕೂವರೆ ಇಂಚು ಅಗಲ, 3 ಇಂಚು ದಪ್ಪ. 24ರಿಂದ ಭಾಗಿಸಿದರೆ 9.5, 4.75, 3.2 ಮಿ.ಮೀ. ಹನ್ನೆರಡು ಮಿಲಿಮೀಟರಿನ ಗಾರೆ ಸಂದು ಅರ್ಧ ಮಿಲಿಮೀಟರಿಗೆ ಇಳಿಯುತ್ತದೆ. ಸಂದು ಅಗಲಿಸಲು ಎಳೆಯುವ, ಇಂಕು ಮುಗಿದ 0.5 ಜೆಲ್ ಪೆನ್ನಿನ ತುದಿಗೆ ಹೇಳಿ ಮಾಡಿಸಿದ ಗಾತ್ರ. ಮೇಸ್ತ್ರಿಗಳು ಒಂಬತ್ತು ಇಂಚಿನ ಗೋಡೆ ಎನ್ನುವುದು ಹತ್ತಿರ ಹತ್ತಿರ 10 ಮಿ.ಮೀ. ಶೀಟಿನ ದಪ್ಪವೇ. ಇದನ್ನೇ 1:35ರಲ್ಲಿ ಮಾಡಿದರೆ ಸಂದು 0.3ಕ್ಕೆ ಬರುತ್ತದೆ, ಪೆನ್ನಿನ ತುದಿ ದಪ್ಪವಾಗುತ್ತದೆ. ಆಗ ಚಾಕುವಿನ ಗೀರೊಂದೇ ಸಾಕು, ಅದನ್ನು ಅಗಲಿಸುವ ಕೆಲಸ ಬೇಡ.

ಥರ್ಮೋಕೋಲ್ ಬೇಡ. ಅದರ ಮಣಿಗಳು ಗೀರಿದ ಕಡೆಯೆಲ್ಲ ಕಿತ್ತು ಬರುತ್ತವೆ, ಇಟ್ಟಿಗೆಯ ಅಂಚು ನಿಲ್ಲುವುದಿಲ್ಲ. ಸನ್‌ಬೋರ್ಡ್ ಗಟ್ಟಿ, ಗೀರು ಚೆನ್ನಾಗಿ ಬರುತ್ತದೆ, ಆದರೆ ಇಟ್ಟಿಗೆಯ ಮುಖಕ್ಕೆ ಒರಟುತನ ಒತ್ತಿ ತರುವುದು ಕಷ್ಟ. ಎಕ್ಸ್‌ಪಿಎಸ್ ಎರಡಕ್ಕೂ ಒಗ್ಗುತ್ತದೆ. ಅದರ ದೊಡ್ಡ ಶತ್ರು ಥಿನ್ನರ್. ಸ್ಪ್ರೇ ಡಬ್ಬಿಯ ಬಣ್ಣ ಒಂದು ಸಲ ತಾಗಿದರೆ ಮುಖ ಕರಗಿ ಸಿಡುಬು ಬಂದಂತಾಗುತ್ತದೆ.

ಗೀರುವ ಮೊದಲು ತೀರ್ಮಾನಿಸಬೇಕಾದ್ದು ಇಟ್ಟಿಗೆ ಕೂರಿಸಿದ ಕ್ರಮ. ಮಾದರಿ ಗೋಡೆಗಳಲ್ಲಿ ಎಷ್ಟೋ ಎಡವುವುದು ಇಲ್ಲೇ. ಎಲ್ಲ ಇಟ್ಟಿಗೆಯೂ ಉದ್ದಕ್ಕೆ ಮಲಗಿ, ಅರ್ಧರ್ಧ ಸರಿದು ಕೂತ ಗೋಡೆ ಅಂದರೆ ನಾಲ್ಕೂವರೆ ಇಂಚಿನ ಅಡ್ಡಗೋಡೆ. ಅದು ಮನೆಯ ಭಾರ ಹೊರುವಂಥದ್ದಲ್ಲ. ಹೊರಗೋಡೆ ಒಂಬತ್ತು ಇಂಚಿನದಾದರೆ ಒಂದು ವರಸೆಯಲ್ಲಿ, ಅಂದರೆ ಸಾಲಿನಲ್ಲಿ, ಇಟ್ಟಿಗೆಯ ಉದ್ದ ಕಾಣಬೇಕು, ಮೇಲಿನ ವರಸೆಯಲ್ಲಿ ತಲೆ, ಅಂದರೆ ಅದರ ಗಿಡ್ಡ ಬದಿ ಕಾಣಬೇಕು. ಇಂಗ್ಲಿಷ್ ಬಾಂಡ್ ಅನ್ನುವುದು ಇದನ್ನೇ. ಮೂಲೆಯಲ್ಲಿ ಇನ್ನೊಂದು ಸೂಕ್ಷ್ಮ ಇದೆ. ತಲೆ ಕಾಣುವ ವರಸೆಯಲ್ಲಿ ಮೊದಲ ಇಟ್ಟಿಗೆ ಆದಮೇಲೆ ಉದ್ದಕ್ಕೆ ಸೀಳಿದ ಒಂದು ತುಂಡು, ಅಂದರೆ ಕ್ಲೋಸರ್ ಕೂರುತ್ತದೆ. 1:24ರಲ್ಲಿ ಅದು ಬರೀ 2.3 ಮಿ.ಮೀ. ಅದನ್ನು ಬಿಟ್ಟರೆ ಮೇಲಿನ ಸಂದು ಕೆಳಗಿನ ಸಂದಿನ ನೇರಕ್ಕೇ ಬಂದು ಕೂರುತ್ತದೆ, ಗೋಡೆ ಮೇಲಿಂದ ಕೆಳಗೆ ಸೀಳಿದ ಹಾಗೆ ಕಾಣುತ್ತದೆ. ಆ ದಿನ ಐದನೇ ವರಸೆಯಲ್ಲಿ ಕ್ಲೋಸರ್ ತಪ್ಪಿಹೋಗಿತ್ತು. ಗೊತ್ತಾದದ್ದು ಒಂಬತ್ತನೆಯದರಲ್ಲಿ. ಅಳಿಸಲು ಬರುವುದಿಲ್ಲ, ಆ ಮೂಲೆಯನ್ನು ಗಿಲಾವಿನ ಕೆಳಗೆ ಮುಚ್ಚಿದ್ದಾಯಿತು. ನಿಜವಾದ ಗಿಲಾವು ಮುಚ್ಚಿರುವುದೂ ಎಷ್ಟೋ ಸಲ ಇಂಥದ್ದನ್ನೇ.

ವರಸೆಗೆ ಸಂದೂ ಸೇರಿ 3.7 ಮಿ.ಮೀ. 12 ಸೆಂ.ಮೀ. ಎತ್ತರಕ್ಕೆ 32 ವರಸೆ. ಪೂರ್ತಿ ಗೀರಿದರೆ 830ರ ಆಸುಪಾಸು ಇಟ್ಟಿಗೆ, ಆದರೆ ಗಿಲಾವು ಬರುವ ಕಡೆ ಗೀರುವುದು ದಂಡ. ಬಯಲಾಗುವ ಜಾಗ, ಅದರ ಸುತ್ತ ಒಂದು ಇಟ್ಟಿಗೆಯ ಅಂಚು, ಇಷ್ಟಕ್ಕೇ 400 ದಾಟಿತು. ಮೊದಲು ಅಡ್ಡ ಗೆರೆ: ಸ್ಟೀಲ್ ಸ್ಕೇಲ್ ಹಿಡಿದು ಹೊಸ ಬ್ಲೇಡಿನಲ್ಲಿ 1 ಮಿ.ಮೀ. ಆಳ. ಬ್ಲೇಡು ಮೊಂಡಾದರೆ ಫೋಮ್ ಕತ್ತರಿಸುವ ಬದಲು ಹರಿಯುತ್ತದೆ, ಹಾಗಾಗಿ ನೂರು ಗೀರಿಗೊಮ್ಮೆ ತುದಿ ಮುರಿಯಬೇಕು. ಆಮೇಲೆ ನಿಂತ ಗೆರೆಗಳು, ಸ್ಕೇಲ್ ಇಲ್ಲದೆ ಕೈಯಳತೆಯಲ್ಲಿ. ಸ್ಕೇಲ್ ಹಿಡಿದರೆ ಅಚ್ಚು ಹೊಡೆದ ಟೈಲ್ಸ್ ಆಗುತ್ತದೆ. ಕೊನೆಗೆ ಜೆಲ್ ಪೆನ್ನಿನ ತುದಿಯನ್ನು ಪ್ರತಿ ಗೀರಿನಲ್ಲೂ ಒಮ್ಮೆ ಎಳೆದರೆ ಸಂದು ಬಾಯಿ ಬಿಡುತ್ತದೆ.

ಅಡಿಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಉಂಡೆ ಕಟ್ಟಿ ಮುಖದ ಮೇಲೆ ಒತ್ತುತ್ತ ಬಂದರೆ ಇಟ್ಟಿಗೆಗೆ ಒರಟು ಬರುತ್ತದೆ. ಒತ್ತುವಾಗ ಕೈ ತಿರುಗಿಸುತ್ತಿರಬೇಕು, ಇಲ್ಲದಿದ್ದರೆ ಅದೇ ಗುರುತು ಸಾಲಾಗಿ ಬೀಳುತ್ತದೆ. ಇಪ್ಪತ್ತಕ್ಕೊಂದು ಇಟ್ಟಿಗೆಯನ್ನು ಪೆನ್ನಿನ ಹಿಂಬದಿಯಿಂದ ಕೂದಲೆಳೆಯಷ್ಟು ಒಳಕ್ಕೆ ಒತ್ತಿ, ನಾಲ್ಕೈದರ ಮೂಲೆ ಚಿವುಟಿದ್ದಾಯಿತು. ಇದಿಷ್ಟಕ್ಕೆ ಮೂರು ಗಂಟೆ.

ಮಧ್ಯಾಹ್ನ 12ಕ್ಕೆ ಸೀಲಿಂಗ್, ಅಂದರೆ ಫೋಮಿನ ಮುಖ ಮುಚ್ಚುವ ಮೊದಲ ಲೇಪ. ಫೆವಿಕಾಲ್ 1 ಪಾಲು, ಕಂದು ಅಕ್ರಿಲಿಕ್ 1 ಪಾಲು, ನೀರು 1 ಪಾಲು. ಇದಕ್ಕಿಂತ ಮಂದ ಆದರೆ ಸಂದು ತುಂಬಿ ಬೆಳಗಿನ ಕೆಲಸ ನೀರುಪಾಲು. ಹಿಂಬದಿಗೂ ಬಳಿಯಲೇಬೇಕು. ಒಂದೇ ಕಡೆ ಬಳಿದರೆ ಬಣ್ಣ ಒಣಗುತ್ತ ಕುಗ್ಗಿ ಶೀಟನ್ನು ತನ್ನ ಕಡೆಗೆ ಎಳೆಯುತ್ತದೆ, ಬೆಳಗಾಗುವಷ್ಟರಲ್ಲಿ ಗೋಡೆ ಬಿಲ್ಲಾಗಿರುತ್ತದೆ. ಮಳೆಯ ದಿನ, ಒಣಗುವುದು ನಿಧಾನ. ಹೇರ್ ಡ್ರೈಯರ್ ಹಿಡಿಯುವವರು ಒಂದಡಿ ದೂರದಲ್ಲಿ, ಕಡಿಮೆ ಬಿಸಿಯಲ್ಲಿ ಹಿಡಿಯಬೇಕು. ಎಕ್ಸ್‌ಪಿಎಸ್ 75 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗಿ ಉಬ್ಬುತ್ತದೆ.

ಇನ್ನು ಕೆಂಪು. ಇಟ್ಟಿಗೆ ಕೆಂಪು ಅಂತ ಕೆಂಪು ಟ್ಯೂಬ್ ಹಿಂಡಿದರೆ ಅಂಚೆ ಡಬ್ಬಿ ಆಗುತ್ತದೆ. ಬೆಂಗಳೂರಿನವರಿಗೆ ಕೆಂಪು ಕಟ್ಟಡ ಅಂದ ಕೂಡಲೇ 1868ರಲ್ಲಿ ಮುಗಿದ ಅಠಾರ ಕಚೇರಿ (ಈಗಿನ ಹೈಕೋರ್ಟ್) ಕಣ್ಣಿಗೆ ಬರುತ್ತದೆ, ಆದರೆ ಅದು ಮೇಲೆ ಬಳಿದ ಬಣ್ಣ. ಬರೀ ಇಟ್ಟಿಗೆಯ ಬಣ್ಣಕ್ಕೆ ಅದನ್ನು ನೋಡಿ ಪ್ರಯೋಜನವಿಲ್ಲ. ಸುಟ್ಟ ಇಟ್ಟಿಗೆಯಲ್ಲಿ ಕಿತ್ತಳೆ, ಕಂದು, ಸ್ವಲ್ಪ ಬೂದಿ ಇರುತ್ತದೆ. ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು 4 ಪಾಲು, ಯೆಲ್ಲೋ ಓಕರ್ ಎಂಬ ಮಣ್ಣುಹಳದಿ 2, ಟೈಟೇನಿಯಂ ವೈಟ್ 1, ಇದು ತಳದ ಬಣ್ಣ. ಬಿಳಿ ಬಿಡಬಾರದು. ನಿಜವಾದ ಇಟ್ಟಿಗೆಯನ್ನೇ ಪಕ್ಕಕ್ಕಿಟ್ಟು ಅದರ ಬಣ್ಣವನ್ನೇ ಕಲಸಿದರೂ ಪುಟ್ಟ ಗೋಡೆಯ ಮೇಲೆ ಅದು ಕಪ್ಪಾಗಿ, ಭಾರವಾಗಿ ಕಾಣುತ್ತದೆ. ದೂರದ ಗೋಡೆ ಕಣ್ಣಿಗೆ ಹೇಗೆ ತಿಳಿಯಾಗಿ ಕಾಣುತ್ತದೋ, ಸಣ್ಣದನ್ನು ಅಷ್ಟೇ ತಿಳಿಯಾಗಿ ಬಳಿಯಬೇಕು.

ತಳದ ಬಣ್ಣದ ಮೇಲೆ ಬಿಡಿ ಇಟ್ಟಿಗೆಗಳು. ಹಳೇ ಇಟ್ಟಿಗೆ ಗೂಡಿನಲ್ಲಿ ಬೆಂಕಿ ಎಲ್ಲ ಕಡೆ ಒಂದೇ ಸಮ ತಾಗುವುದಿಲ್ಲ. ಬೆಂಕಿಯ ಬಾಯಿಗೆ ಹತ್ತಿರ ಇದ್ದದ್ದು ಅತಿಯಾಗಿ ಬೆಂದು ನೇರಳೆ-ಕಪ್ಪಿಗೆ ತಿರುಗುತ್ತದೆ, ಹೊರಗಿನ ಸಾಲು ಅರೆಬೆಂದು ಬಿಳಿಚಿದ ಕಿತ್ತಳೆಯಾಗಿ ಉಳಿಯುತ್ತದೆ. ಆದ್ದರಿಂದ ನಾಲ್ಕು ಬಟ್ಟಲು: ತಳದ್ದಕ್ಕೇ ಓಕರ್ ಮತ್ತು ಬಿಳಿ ಸೇರಿಸಿದ ಅರೆಬೆಂದದ್ದು, ಸಿಯೆನ್ನಾ ಜಾಸ್ತಿ ಮಾಡಿದ ಕಡುಗೆಂಪು, ರಾ ಅಂಬರ್ ಬೆರೆಸಿದ ಕಂದು, ಸಿಯೆನ್ನಾಗೆ ಅಲ್ಟ್ರಾಮರೀನ್ ನೀಲಿ ಸೇರಿಸಿದ ಸೀದ ಇಟ್ಟಿಗೆ. ಕಪ್ಪು ಟ್ಯೂಬ್ ಮುಟ್ಟದಿದ್ದರೆ ಒಳ್ಳೆಯದು, ಅದು ಕೆಂಪನ್ನು ಕೊಳಕು ಮಾಡುತ್ತದೆ. ನೂರರಲ್ಲಿ 60 ಇಟ್ಟಿಗೆ ತಳದ ಬಣ್ಣದಲ್ಲೇ ಉಳಿಯಲಿ. ಮೊದಲ ಮೂರು ಬಟ್ಟಲಿಗೆ 12ರ ಹಾಗೆ, ಸೀದದ್ದಕ್ಕೆ 4. ಸೀದದ್ದು ಹತ್ತಾದರೂ ಗೋಡೆ ಚದುರಂಗದ ಹಾಸು.

ಸೊನ್ನೆ ನಂಬರ್ ಬ್ರಷ್, ಬಣ್ಣ ಹಾಲಿನಷ್ಟು ತೆಳು. ಕಷ್ಟ ಇರುವುದು ಕೈಯಲ್ಲಲ್ಲ, ಆಯ್ಕೆಯಲ್ಲಿ. ಚೆಲ್ಲಾಪಿಲ್ಲಿ ಮಾಡುತ್ತೇನೆ ಅಂದುಕೊಂಡೇ ಮನುಷ್ಯ ಸಮ ಅಂತರದಲ್ಲಿ ಚುಕ್ಕಿ ಇಡುತ್ತಾನೆ, ರಂಗೋಲಿ ಅಭ್ಯಾಸವಿರುವ ಕೈ ಇನ್ನೂ ಬೇಗ. ಪಗಡೆಯ ದಾಳ ಉರುಳಿಸಿ, ಬಿದ್ದಷ್ಟು ಇಟ್ಟಿಗೆ ಬಿಟ್ಟು ಮುಂದಿನದಕ್ಕೆ ಬಳಿಯುವುದು ಒಂದು ಉಪಾಯ. ದಾಳ ಒಂದರ ಮೇಲೊಂದು ಒಂದೇ ಬಿದ್ದಾಗ ಒಂದೇ ಕಡೆ ಎರಡು ಮೂರು ಕಪ್ಪು ಇಟ್ಟಿಗೆ ಗುಂಪಾಗುತ್ತವೆ. ಕಣ್ಣು ಬೇಡ ಅನ್ನುತ್ತದೆ. ಬಿಡಬೇಕು, ನಿಜವಾದ ಗೋಡೆಯಲ್ಲೂ ಗೂಡಿನ ಒಂದೇ ಮೂಲೆಯಿಂದ ಬಂದ ಇಟ್ಟಿಗೆ ಒಟ್ಟಿಗೇ ಕೂತಿರುತ್ತವೆ.

ಒಂದು ಎಚ್ಚರಿಕೆ: ಇದೆಲ್ಲ ಅಕ್ರಿಲಿಕ್ ಆಗಿರಬೇಕು. ಶಾಲೆಯ ಪೋಸ್ಟರ್ ಕಲರ್ ಒಣಗಿದ ಮೇಲೂ ನೀರಿಗೆ ಕರಗುತ್ತದೆ. ಮುಂದಿನ ಹಂತದ ಒದ್ದೆ ಸ್ಪಂಜು ತಾಗಿದ್ದೇ ತಡ, ನಾಲ್ಕು ಬಟ್ಟಲಿನ ಬಣ್ಣವೂ ಒಂದೇ ಕೆಸರು.

ಮೂರು ಗಂಟೆಗೆ ಗಾರೆ. ಮೊದಲು ಇಟ್ಟಿಗೆಯ ಮೇಲೆ ತೆಳ್ಳಗೆ ಮ್ಯಾಟ್ ವಾರ್ನಿಷ್, ಇಲ್ಲದಿದ್ದರೆ ಗಾರೆಯ ಬಿಳಿ ಒರಟು ಮುಖದಲ್ಲೇ ಕೂತುಬಿಡುತ್ತದೆ. ಹಳೇ ಗಾರೆ ಸಿಮೆಂಟಿನ ಬೂದು ಬಣ್ಣದ್ದಲ್ಲ. ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ನಮ್ಮ ಕಡೆ ರೂಢಿಯಲ್ಲಿತ್ತು, ಕನ್ನಂಬಾಡಿ ಕಟ್ಟೆಗೂ ಅದನ್ನೇ ಬಳಸಿದ್ದರು. ಬಣ್ಣ ಮಾಸಲು ಬಿಳಿ, ಅದರಲ್ಲೊಂದು ಗುಲಾಬಿ ಛಾಯೆ. ಹಾಗಾಗಿ ವಾಲ್ ಪುಟ್ಟಿ 2 ಪಾಲು, ತೆಳು ಬಟ್ಟೆಯಲ್ಲಿ ಸೋಸಿದ ರಂಗೋಲಿ ಪುಡಿ 1 ಪಾಲು, ನಿಜವಾದ ಇಟ್ಟಿಗೆ ಕುಟ್ಟಿ ಸೋಸಿದ ಪುಡಿ ಅರ್ಧ ಪಾಲು, ದೋಸೆ ಹಿಟ್ಟಿನ ಹದಕ್ಕೆ ನೀರು. ಬೆರಳಿನಿಂದ ತಿಕ್ಕಿ ತುಂಬಿ, ಐದಾರು ನಿಮಿಷ ಬಿಟ್ಟು, ಹಿಂಡಿದ ಸ್ಪಂಜಿನಿಂದ ಓರೆಯಾಗಿ ಒರೆಸಬೇಕು. ವರಸೆಯ ಗುಂಟ ಒರೆಸಿದರೆ ಸ್ಪಂಜು ಸಂದಿನೊಳಗೆ ಇಳಿದು ಗಾರೆಯನ್ನೆಲ್ಲ ಗುಡಿಸಿಕೊಂಡು ಬರುತ್ತದೆ. ಹತ್ತು ನಿಮಿಷ ತಡವಾದರೆ ಇನ್ನೊಂದು ಕಷ್ಟ: ಪುಟ್ಟಿಯಲ್ಲಿ ಸಿಮೆಂಟ್ ಇರುವುದರಿಂದ ಅದು ಗಟ್ಟಿಯಾಗಿ, ಒರೆಸಲು ಹೋದರೆ ಬಣ್ಣ ಸಮೇತ ಏಳುತ್ತದೆ. ಬಲಗಡೆ ಕೆಳಗೆ ಹಾಗಾಯಿತು, ಹನ್ನೆರಡು ಇಟ್ಟಿಗೆಗೆ ಮತ್ತೆ ಬಣ್ಣ. ಮುಖಗಳ ಮೇಲೆ ಉಳಿದ ತೆಳು ಬಿಳಿ ಪೊರೆಯನ್ನು ಪೂರ್ತಿ ತೆಗೆಯುವ ಹಟ ಬೇಡ. ಗಿಲಾವು ಕಿತ್ತ ಇಟ್ಟಿಗೆಗೆ ಸುಣ್ಣ ಅಂಟಿಕೊಂಡೇ ಇರುತ್ತದೆ.

ಗಿಲಾವಿಗೂ ಅದೇ ಪುಟ್ಟಿ, ಒಂದು ಹನಿ ಫೆವಿಕಾಲ್ ಹೆಚ್ಚಿಗೆ. ನಿಜದಲ್ಲಿ 15ರಿಂದ 20 ಮಿ.ಮೀ. ಇರುವುದು ಇಲ್ಲಿ 0.6ರಿಂದ 0.8. ಹಳೇ ವಿಸಿಟಿಂಗ್ ಕಾರ್ಡಿನಿಂದ ಎಳೆದು, ಅರೆ ಒಣಗಿದಾಗ ಅಂಚನ್ನು ಚಾಕುವಿನ ತುದಿಯಿಂದ ಮುರಿಯಬೇಕು. ಒದ್ದೆಯಿದ್ದಾಗಲೇ ಅಂಚು ತೀಡಿದರೆ ಅದು ಬೆಣ್ಣೆಯ ಹಾಗೆ ತೆಳ್ಳಗೆ ಮುಗಿಯುತ್ತದೆ, ಉದುರಿದ್ದು ಅನ್ನಿಸುವುದಿಲ್ಲ. ಮುರಿದ ಅಂಚಿಗೆ ದಪ್ಪ ಇರಬೇಕು, ಆ ದಪ್ಪದ ಕೆಳಗೊಂದು ನೆರಳು ಬೀಳಬೇಕು.

ಅದರ ಮೇಲೆ ಸುಣ್ಣದ ಪದರಗಳು: ಮೊದಲು ನೀಲಿ ಹಾಕಿದ ಬಿಳಿ, ಮೇಲೆ ಮಾಸಿದ ಹಳದಿ ಡಿಸ್ಟೆಂಪರ್, ಬುಡದಲ್ಲಿ ಕೆಮ್ಮಣ್ಣಿನ ಪಟ್ಟಿ. ಹಳದಿ ಎದ್ದು ನೀಲಿ ಕಾಣಲು ಉಪ್ಪಿನ ಉಪಾಯ: ನೀಲಿಯ ಮೇಲೆ ನೀರು ಸವರಿ ಪುಡಿ ಉಪ್ಪು ಉದುರಿಸಿ, ಒಣಗಿದ ಮೇಲೆ ಹಳದಿ ಬಳಿದು, ಗಡುಸು ಬ್ರಷ್ಷಿನಿಂದ ಉಪ್ಪು ಉದುರಿಸುವುದು. ಬೇಸಿಗೆಯಲ್ಲಿ ಅರ್ಧ ಗಂಟೆಯ ಕೆಲಸ. ಅವತ್ತು ಉಪ್ಪು ಗಾಳಿಯ ತೇವ ಹೀರಿ ಒಣಗಲೇ ಇಲ್ಲ, ಗಂಟು ಕಟ್ಟಿ ಗೋಲಿಯಷ್ಟು ದೊಡ್ಡ ಗಾಯಗಳಾದವು. ಅವನ್ನು ಹಳದಿಯಿಂದ ತುಂಬಿ, ಸ್ಪಂಜಿನ ಚೂರಿನಿಂದ ನೀಲಿ ಚುಕ್ಕೆ ಒತ್ತಿದ್ದು ಹೆಚ್ಚು ನಂಬುವ ಹಾಗೆ ಬಂತು. ಮಳೆಗಾಲದಲ್ಲಿ ಉಪ್ಪಿನ ಸಹವಾಸ ಬೇಡ. ಬಳಸಿದರೂ ಒದ್ದೆ ಬ್ರಷ್ಷಿನಿಂದ ಎರಡು ಸಲ ತೊಳೆಯಬೇಕು, ಇಲ್ಲವಾದರೆ ವಾರದ ಮೇಲೆ ಬೇಡದ ಕಡೆ ಬಿಳಿ ಹೂ ಏಳುತ್ತದೆ.

ಕೊನೆಗೆ ನೀರು ಮಾಡಿದ ಕಲೆಗಳು. ರಾ ಅಂಬರ್ 1 ಪಾಲಿಗೆ ನೀರು 10, ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ. ಆ ಹನಿ ಇಲ್ಲದಿದ್ದರೆ ನೀರು ಮುತ್ತಿನ ಹಾಗೆ ನಿಲ್ಲುತ್ತದೆ, ಸಂದಿಗೆ ಇಳಿಯುವುದಿಲ್ಲ. ಬಳಿಯುವಾಗ ಗೋಡೆ ಮಲಗಿರಬೇಕು. ನಿಲ್ಲಿಸಿದರೆ ಎಲ್ಲ ಬುಡಕ್ಕೆ ಹರಿದು ಚಹಾ ಲೋಟದ ತಳದಂಥ ಉಂಗುರ ಬಿಡುತ್ತದೆ. ನೆಲದಿಂದ ಏರುವ ತೇವ ಹಳೇ ಗೋಡೆಗಳಲ್ಲಿ ಹೆಚ್ಚುಕಡಿಮೆ ಒಂದು ಮೀಟರ್ ತನಕ ಬರುತ್ತದೆ, ಇಲ್ಲಿ 4 ಸೆಂ.ಮೀ. ಮೇಲಂಚು ಅಲೆಯಂತೆ, ಅದರ ಮೇಲೊಂದು ಉಪ್ಪಿನ ಬಿಳಿ ಗೆರೆ. ಹಸಿರು ಪಾಚಿ ಎಲ್ಲೆಂದರಲ್ಲಿ ಬೆಳೆಯುವುದಿಲ್ಲ. ಈ ಗೋಡೆಯಲ್ಲಿ ಅದಕ್ಕೆ ಎರಡೇ ಜಾಗ: ತಾರಸಿಯ ನೀರು ಬೀಳುವ ಕೊಳವೆಯ ಕೆಳಗೆ ಒಂದು ಪಟ್ಟಿ, ಬುಡದ ಮೂಲೆ. ಕೊಳವೆಯೇ ಇಲ್ಲದ ಗೋಡೆಯ ನಡುವೆ ಹಸಿರು ಬಳಿದರೆ ಆ ನೀರು ಎಲ್ಲಿಂದ ಬಂತು ಅಂತ ಮಕ್ಕಳೂ ಕೇಳುತ್ತಾರೆ.

ಸಂಜೆ 7ಕ್ಕೆ ಟ್ಯೂಬ್‌ಲೈಟ್ ಆರಿಸಿ, ಮಾದರಿಯನ್ನಿಡುವ ಗಾಜಿನ ಪೆಟ್ಟಿಗೆಯ 3000 ಕೆಲ್ವಿನ್, ಅಂದರೆ ಹಳದಿ ಬೆಳಕಿನ ಎಲ್‌ಇಡಿ ಹಾಕಿ ನೋಡಿದರೆ ಹಳದಿ, ಕೆಂಪು ಎಲ್ಲ ಒಂದಾಗಿ ಕಿತ್ತಳೆ! ಹಗಲಲ್ಲಿ ಕಲಸಿದ ಬಣ್ಣಕ್ಕೆ ಈ ಗತಿ ಸಾಮಾನ್ಯ. ಅಲ್ಟ್ರಾಮರೀನ್ ತೀರಾ ತೆಳ್ಳಗೆ ಮಾಡಿ ನೆರಳಿನ ಕಡೆ ಸವರಿದ ಮೇಲೆ ಇಟ್ಟಿಗೆ ಮತ್ತೆ ಇಟ್ಟಿಗೆಯಾಯಿತು. ಬೆಳಗ್ಗೆಯಿಂದಲೇ ಆ ದೀಪದ ಕೆಳಗೆ ಕೂತಿದ್ದರೆ ಈ ಒಂದು ಗಂಟೆ ಉಳಿಯುತ್ತಿತ್ತು.

ನಂತರ ಬುಡದ ಕಸ. ಗೋಡೆಯಿಂದ ಇಷ್ಟು ಗಿಲಾವು ಹೋಗಿದೆ ಅಂದಮೇಲೆ ಅದರಲ್ಲಿ ಒಂದಿಷ್ಟಾದರೂ ಕೆಳಗೆ ಬಿದ್ದಿರಬೇಕು. ಅಂಚು ಮುರಿದಾಗ ಉದುರಿದ ಚೂರುಗಳನ್ನು ಡಬ್ಬಿಯಲ್ಲಿ ಎತ್ತಿಟ್ಟಿದ್ದು ಇದಕ್ಕೇ. ದೊಡ್ಡವು ಗೋಡೆಗೆ ಒತ್ತಾಗಿ, ಪುಡಿ ಮುಂದಕ್ಕೆ, ನಡುವೆ ಅರ್ಧ ಇಟ್ಟಿಗೆ ಎರಡು. ಒಂದು ಚೂರಿಗೆ ಮಾತ್ರ ನೀಲಿ ಸುಣ್ಣ ಬಳಿದು ಮುಖ ಮೇಲಾಗಿ ಮಲಗಿಸಿ, ಫೆವಿಕಾಲ್ ಒಣಗಲು ಬಿಟ್ಟದ್ದಾಯಿತು.