ಕ್ಯಾನ್‌ಗೂ ಕುಡ್‌ಗೂ ಏನು ವ್ಯತ್ಯಾಸ ಮೇಡಂ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನೇ ಕಳಿಸುತ್ತೇನೆ. ಬೇಜಾರಾದರೆ ಆಗಲಿ.

ಪ್ರಶ್ನೆ ತಪ್ಪೇನಲ್ಲ. ಅದರ ಹಿಂದೆ ಒಂದು ಬಾಲ ಇರುತ್ತದಲ್ಲ, "ಸಿಂಪಲ್ಲಾಗಿ ಒಂದೇ ಮಾತಲ್ಲಿ ಹೇಳ್ಬಿಡಿ" ಅಂತ, ಅದು ನನಗೆ ಆಗಿಬರುವುದಿಲ್ಲ. ಹೋದ ವರ್ಷ ನೆಂಟರ ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಎಲೆಗೆ ಹೋಳಿಗೆ ಬಿದ್ದಿತ್ತು, ಹಿಂದೆಯೇ ತುಪ್ಪ ಬರುತ್ತಿತ್ತು. ಪಕ್ಕದ ಎಲೆಯಲ್ಲಿ ಬ್ಯಾಂಕಿನಿಂದ ರಿಟೈರ್ ಆದ ಹಿರಿಯರೊಬ್ಬರು. "ನೀನು ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಮಾಡ್ತೀಯಂತಲ್ಲಮ್ಮ, ಕುಡ್ ಅಂದ್ರೆ ಕ್ಯಾನ್‌ದು ಪಾಸ್ಟ್ ಟೆನ್ಸ್ ತಾನೇ?" ಅಂದರು. ಹೌದು ಅಂದೆ. ಯಾವಾಗಲೂ ಅಲ್ಲ ಅಂತಲೂ ಅಂದೆ. "ಹೌದೋ ಅಲ್ವೋ, ಒಂದು ಹೇಳು" ಅಂತ ಗದರಿದರು. ವಿವರಿಸಲು ಹೊರಟೆ. ಅಷ್ಟರಲ್ಲಿ ತುಪ್ಪದವನು ಪಂಕ್ತಿಯ ಕೊನೆ ಮುಟ್ಟಿದ್ದ. ಹೋಳಿಗೆ ಒಣಒಣ ತಿಂದೆ. ಅವರ ಎಲೆಯಲ್ಲಿ ಮಾತ್ರ ತುಪ್ಪ ಹರಿಯುತ್ತಿತ್ತು.

ಅವತ್ತು ಪೂರ್ತಿ ಹೇಳಲು ಆಗದ ಉತ್ತರ ಇದು. 'ಐ ಕುಡ್ ಸ್ವಿಮ್ ವೆನ್ ಐ ವಾಸ್ ಸಿಕ್ಸ್' ಅಂದರೆ ಆರು ವರ್ಷದವಳಿದ್ದಾಗಲೇ ನನಗೆ ಈಜು ಬರುತ್ತಿತ್ತು. ಇದು ಹಿಂದಿನ ಮಾತು, ಒಪ್ಪಿದೆ. 'ಕುಡ್ ಯು ಓಪನ್ ದ ಡೋರ್?' ಅಂದಾಗ ನಿನ್ನೆಯ ಬಾಗಿಲ ಮಾತೇ ಇಲ್ಲ. ತೆಗೆಯಬೇಕಾದದ್ದು ಈಗಲೇ. ಕೇಳುವವರು ಸ್ವಲ್ಪ ಸಂಕೋಚ ಇಟ್ಟುಕೊಂಡು ಕೇಳುತ್ತಿದ್ದಾರೆ ಅಷ್ಟೇ. 'ಇಟ್ ಕುಡ್ ರೇನ್ ಟುಮಾರೊ' ಅಂದರೆ ನಾಳೆ ಮಳೆ ಬಂದರೂ ಬರಬಹುದು. ನಾಳೆಯ ಮಳೆ ಪಾಸ್ಟ್ ಟೆನ್ಸ್ ಹೇಗಾಗುತ್ತದೆ? ವುಡ್, ಮೈಟ್, ಶುಡ್ ಕಥೆಯೂ ಹೆಚ್ಚುಕಮ್ಮಿ ಹೀಗೇ. ಒಂದು ಕಾಲದಲ್ಲಿ ವಿಲ್, ಮೇ, ಶಲ್‌ಗಳ ಹಿಂದಿನ ರೂಪಗಳಾಗಿದ್ದವು, ಆಮೇಲೆ ಬೇರೆ ಬೇರೆ ಕೆಲಸ ಹಿಡಿದವು. ಮಸ್ಟ್ ಒಂದು ಒಂಟಿ. ನಿನ್ನೆ ಹೋಗಲೇಬೇಕಾಯಿತು ಅನ್ನಬೇಕಾದರೆ 'ಹ್ಯಾಡ್ ಟು' ಅನ್ನಬೇಕು.

ಇನ್ನೊಂದು ದೂರು: "ಶಿ ಸಿಂಗ್ಸ್ ಅಂತೀವಿ, ಶಿ ಕ್ಯಾನ್ಸ್ ಅಂತ ಯಾಕೆ ಅನ್ನಲ್ಲ? ಇಂಗ್ಲಿಷ್‌ಗೆ ತಲೆಬುಡ ಇಲ್ಲ." ಸ್ವಾಮಿ, ಕನ್ನಡದಲ್ಲೂ ಹಾಗೇ ಅಲ್ವಾ? ನಾನು ಹಾಡುತ್ತೇನೆ, ಅವಳು ಹಾಡುತ್ತಾಳೆ, ಆದರೆ ನಾನೂ ಹಾಡಬಹುದು, ಅವಳೂ ಹಾಡಬಹುದು. ಬಹುದು, ಬೇಕು, ಬಾರದು ಯಾರ ಮುಖ ನೋಡಿಯೂ ಬದಲಾಗುವುದಿಲ್ಲ. "ಏಳು ಗಂಟೆಗೆ ಮನೆಯಲ್ಲಿರಬೇಕು" ಅಂದರೆ ಅಪ್ಪನ ಹುಕುಂ. "ಚಪ್ಪಲಿ ಇಲ್ಲೇ ಇದೆ, ಮನೆಯಲ್ಲೇ ಇರಬೇಕು" ಅಂದರೆ ಊಹೆ. ಮಸ್ಟ್ ಈ ಎರಡೂ ಕೆಲಸ ಮಾಡುತ್ತದೆ. ದಿನವೂ ಬಾಯಲ್ಲಿರುವುದನ್ನೇ ಇಂಗ್ಲಿಷ್‌ನಲ್ಲಿ ಕಂಡರೆ ಬೆಚ್ಚಿಬೀಳುವುದು ಯಾಕೋ.

ನಿಜವಾಗಿ ಎಡವುವ ಜಾಗ ಬೇರೆ ಇದೆ. 'ಯು ಮಸ್ಟ್ ನಾಟ್ ಕಮ್' ಅಂದರೆ ಬರಕೂಡದು. ಬರಬೇಕಾಗಿಲ್ಲ ಅನ್ನಲು 'ಯು ಡೋಂಟ್ ಹ್ಯಾವ್ ಟು ಕಮ್'. ನನ್ನ ಕ್ಲಾಸಿನ ಹುಡುಗನೊಬ್ಬ ಮ್ಯಾನೇಜರ್‌ಗೆ ನಾಳೆ ಮೀಟಿಂಗಿಗೆ ಬರುವ ತೊಂದರೆ ತಗೋಬೇಡಿ ಅಂತ ಹೇಳಲು ಹೋಗಿ ಮಸ್ಟ್ ನಾಟ್ ಬರೆದು ಕಳಿಸಿದ. ಪಾಪ, ಉಪಕಾರ ಮಾಡಲು ಹೋದವನು. ಇದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಶಲ್, ವಿಲ್ ಬಗ್ಗೆ ಕೇಳುವವರಿಗೆ: ಐ, ವಿ ಜೊತೆ ಶಲ್, ಉಳಿದವರಿಗೆ ವಿಲ್ ಅನ್ನುವ ನಿಯಮ 1653ರಲ್ಲಿ ಜಾನ್ ವಾಲಿಸ್ ಎಂಬ ಗಣಿತಜ್ಞ ಲ್ಯಾಟಿನ್‌ನಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದ್ದು. ಈಗ ಮಾತಿನಲ್ಲಿ ಅದನ್ನು ಪಾಲಿಸುವವರು ಕಡಿಮೆ. ಎಲ್ಲದಕ್ಕೂ ವಿಲ್ ಹಾಕಿ. 'ಶಲ್ ವಿ ಗೋ?' ಒಂದು ಉಳಿಸಿಕೊಳ್ಳಿ. ಮುಗೀತು.

ಆದರೆ ಕಾಗದಪತ್ರದಲ್ಲಿ ಶಲ್ ಸತ್ತಿಲ್ಲ. ನನ್ನನ್ನು ಯಾರಾದರೂ ಕೇಳಲಿ ಅಂತ ಕಾಯುತ್ತಿರುವ ಪ್ರಶ್ನೆಯೂ ಅಲ್ಲೇ ಇದೆ: ಈ ಕಾಗದದಲ್ಲಿ ಶಲ್ ಯಾರ ತಲೆಗೆ, ಮೇ ಯಾರ ಕೈಗೆ? ನಮ್ಮ ಸಂವಿಧಾನದ 74ನೇ ವಿಧಿಯನ್ನೇ ನೋಡಿ. ಮಂತ್ರಿಮಂಡಲದ ಸಲಹೆಯಂತೆ ರಾಷ್ಟ್ರಪತಿ ನಡೆಯಲೇಬೇಕು ಅಂತ 1976ರ 42ನೇ ತಿದ್ದುಪಡಿ ಒಂದು ಶಲ್ ಸೇರಿಸಿತು. 1978ರ 44ನೇ ತಿದ್ದುಪಡಿ ಒಂದು ಮೇ ತಂದಿತು. ಸಲಹೆಯನ್ನು ಮತ್ತೊಮ್ಮೆ ಯೋಚಿಸಿ ಅಂತ ರಾಷ್ಟ್ರಪತಿ ವಾಪಸ್ ಕಳಿಸಬಹುದು. ಅವರು ಯೋಚಿಸಿ ಮತ್ತೆ ಕಳಿಸಿದರೆ ಮತ್ತೆ ಶಲ್. ದೇಶದ ಮೊದಲ ಪ್ರಜೆಯ ಕೈಗೆ ಎಷ್ಟು ಜಾಗ ಅನ್ನುವುದು ಈ ಪುಟ್ಟ ಪದಗಳಲ್ಲಿದೆ. (ಕೋರ್ಟಿನಲ್ಲಿ ಸಂದರ್ಭ ನೋಡಿ ಮೇ ಅನ್ನು ಶಲ್ ಅಂತ ಓದಿದ್ದೂ ಉಂಟು. ಅದು ಜಡ್ಜ್‌ಗಳ ಕೆಲಸ, ನನ್ನ ಹತ್ತಿರ ತರಬೇಡಿ.)

ಇಷ್ಟು ದೂರ ಹೋಗುವುದೂ ಬೇಡ. ಕ್ಲಾಸಿಗೆ ಬರುವ ಹುಡುಗಿಯೊಬ್ಬಳು ಬಾಡಿಗೆ ಮನೆಯ ಅಗ್ರಿಮೆಂಟ್ ತಂದಿದ್ದಳು, ಸ್ಪೆಲ್ಲಿಂಗ್ ಸರಿ ಇದೆಯಾ ನೋಡಿ ಅಂತ. ಸ್ಪೆಲ್ಲಿಂಗ್ ಸರಿಯಾಗಿಯೇ ಇತ್ತು. ಬಾಡಿಗೆದಾರಳು 5ನೇ ತಾರೀಖಿನೊಳಗೆ ಬಾಡಿಗೆ ಕೊಡುವುದು ಶಲ್. ಮನೆ ಬಿಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಬಿಡುವುದು ಶಲ್. ಮಾಲೀಕರು ಉಳಿದ ಅಡ್ವಾನ್ಸ್ ಹಿಂದಿರುಗಿಸುವುದು ಮಾತ್ರ ಮೇ. ಮೂರು ಕಡೆ ಪೆನ್ಸಿಲ್‌ನಲ್ಲಿ ಸುತ್ತು ಹಾಕಿ ತೋರಿಸಿದೆ. ಅವಳು ಸ್ವಲ್ಪ ಹೊತ್ತು ನೋಡಿ, "ಅಂದ್ರೆ ಕೊಟ್ರೂ ಕೊಟ್ರು, ಇಲ್ದಿದ್ರೆ ಇಲ್ಲ ಅಂತಾನಾ ಮೇಡಂ?" ಅಂದಳು. ಗ್ರಾಮರ್ ಅವಳಿಗೆ ಅಷ್ಟು ಬೇಗ ಹತ್ತಿದ್ದು ಅದೇ ಮೊದಲು.

ಬ್ರೋಕರ್‌ಗೆ ಫೋನ್ ಮಾಡಿದಳು. "ಅದೆಲ್ಲ ಫಾರ್ಮ್ಯಾಟ್ ಮೇಡಂ, ಎಲ್ಲರಿಗೂ ಅದೇ" ಅಂದ. ಮಾಲೀಕರನ್ನೇ ಕೇಳಿದಳು. ಅವರು ಆ ಕಾಗದ ಓದಿಯೇ ಇರಲಿಲ್ಲ, ಬೇಕಾದ ಹಾಗೆ ಮಾಡಿಸಿಕೊಳ್ಳಿ ಅಂದರು. ಟೈಪ್ ಮಾಡುವ ಅಂಗಡಿಯವನು ಮೇ ತೆಗೆದು ಶಲ್ ಹಾಕಿಕೊಟ್ಟ, ಹೊಸ ಪ್ರಿಂಟ್‌ಗೆ 20 ರೂಪಾಯಿ ತಗೊಂಡ.